ಕರೆಂಟು ಹೋದಾಗ ಬಿದ್ದ ಕೊಂಡಿ

ಗಂಡ ತೀರಿಕೊಂಡ ಮೇಲೆ ಇಳಕಲ್ಲಿನ ಗುರುಲಿಂಗವ್ವನ ಕುಣಿಮಗ್ಗ, ನೆಲ ಅಗೆದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ, ಸುಮ್ಮನೆ ಕೂತಿತ್ತು. ನೇಯಲು ಅವಳಿಗೆ ಕೈಯೂ ಇತ್ತು, ಕಣ್ಣೂ ಇತ್ತು, ಎದುರಿಗೆ ಕೂಡುವವರಿರಲಿಲ್ಲ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅವಳು ಹುನಗುಂದದಿಂದ ಸೊಸೆಯಾಗಿ ಬಂದಾಗಿನಿಂದ ಗಂಡ ಎಳೆ ಹಿಡಿದು ಕೊಡುತ್ತಿದ್ದ, ಇವಳು ಕೊಂಡಿ ಹಾಕುತ್ತಿದ್ದಳು. ಒಂಟಿ ಕೈಗೆ ಆಗುವ ಕೆಲಸವಲ್ಲ ಅದು.

ಮಗ ಅಮೀನಗಡದ ಕರದಂಟಿನ ಅಂಗಡಿಯಲ್ಲಿದ್ದ. ಸೊಸೆ ಶಿವಗಂಗಾ ಮಲೀಕಸಾಬನ ಪಾವರ್‌ಲೂಮಿಗೆ ಹೋಗುತ್ತಿದ್ದಳು. ಅಲ್ಲಿ ಕೊಂಡಿ ಇಲ್ಲ, ಬಟನ್ ಒತ್ತಿದರೆ ಸೀರೆ.

"ಮಗ್ಗ ಕಿತ್ತು ಕುಣಿ ಮುಚ್ಚೂಣು ಅತ್ತಿ, ಕಾಟ್ ಹಾಕಾಕ ಜಾಗಾ ಆಕ್ಕೈತಿ."

"ಮುಚ್ಚೀಯಂತ. ಮೊದಲ ನನ್ನ ಅದರಾಗ ಇಡು."

ಆ ಬೇಸಿಗೆಯಲ್ಲಿ ಸರ್ಕಾರ ಹುಕುಂ ಹೊರಡಿಸಿತು: ಹಗಲಿನ ಕರೆಂಟೆಲ್ಲ ಕಾಲುವೆಯ ಪಂಪುಗಳಿಗೆ, ಊರಿಗೆ ಹೊತ್ತು ಮುಳುಗಿದ ಮೇಲೆ. ಕಾಲುವೆಯಲ್ಲಿ ನೀರೇ ಇರಲಿಲ್ಲ. ಪಂಪೂ ತಿರುಗಲಿಲ್ಲ, ಲೂಮೂ ತಿರುಗಲಿಲ್ಲ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಕರೆಯುವಂತಿರಲಿಲ್ಲ; ಮಲೀಕಸಾಬ ಅವರನ್ನು ಮನೆಗೆ ಕಳಿಸಿ, ಬಾಗಿಲಲ್ಲಿ ಕೂತು ಬೀಸಣಿಗೆ ಬೀಸಿಕೊಂಡ.

ಮನೆಯಲ್ಲಿ ಕೂತು ಬೇಸತ್ತ ಸೊಸೆಯನ್ನು ಗುರುಲಿಂಗವ್ವ ಮಗ್ಗದ ಹತ್ತಿರ ಕರೆದಳು. "ಬಾರವಾ, ಎಳಿ ಹಿಡಿ. ಇದಕ್ಕೇನು ಕರೆಂಟ್ ಬೇಕಾಗಿಲ್ಲ."

ಎಳೆ ಕೊಡುವುದು ರೂಢಿಯಾದ ಮೇಲೆ ಶಿವಗಂಗಾ ತಾನೂ ಕೊಂಡಿ ಹಾಕುತ್ತೇನೆಂದಳು. ಹಾಕಿದ್ದು ಗಂಟು. ಸಾಲಾಗಿ, ಜೋಳದ ಕಾಳಿನ ಹಾಗೆ. ಅತ್ತೆ ಬೆರಳಾಡಿಸಿ ನೋಡಿದಳು.

"ಏನವಾ, ದನಾ ಕಟ್ಟೀಯೇನು? ಗಂಟಲ್ಲ ಇದು. ಇದರ ಬಾಯಾಗ ಅದು, ಅದರ ಬಾಯಾಗ ಇದು, ಅಷ್ಟ."

ಇಬ್ಬರೂ ಕೂತು ಅಷ್ಟನ್ನೂ ಬಿಚ್ಚಿದರು. ಮತ್ತೆ ಹಾಕಿದಾಗ ಕೊಂಡಿ ಬಿತ್ತು, ಮಗ್ಗದಿಂದ ಸೀರೆಗಳು ಇಳಿಯತೊಡಗಿದವು.

ಲೂಮುಗಳು ನಿಂತು ಪೇಟೆಯಲ್ಲಿ ಸೀರೆಗೆ ಬರ ಬಂದಿತ್ತು. ವ್ಯಾಪಾರಿಗಳು ಮನೆ ಹುಡುಕಿಕೊಂಡು ಬಂದು, ಸೆರಗು ತಿರುವಿ ಕೊಂಡಿ ನೋಡಿ, ಕೇಳಿದ ಬೆಲೆ ಕೊಟ್ಟು ಒಯ್ದರು. ಒಮ್ಮೆ ಒಯ್ದವರು ಮತ್ತೆ ಅದೇ ಬೇಕೆಂದರು.

ಮಳೆ ಬಿದ್ದ ಮೇಲೆ ಸರ್ಕಾರಕ್ಕೆ ಬುದ್ಧಿ ಬಂತು. ಹಗಲು ಕರೆಂಟು ಬಂದ ದಿನವೇ ಮಲೀಕಸಾಬ ಇವರ ಹೊಸ್ತಿಲಲ್ಲಿ ಬಂದು ನಿಂತ.

"ಶಿವಗಂಗವ್ವಾ, ನಾಳಿಂದ ಬಾರವಾ. ಲೂಮು ಚಾಲೂ ಆದ್ವು."

ಗುರುಲಿಂಗವ್ವನ ಕೈ ನಿಂತಿತು. ಸೆರಗು ಅರ್ಧ ಕೂಡಿತ್ತು. ಸೊಸೆಯ ಮುಖ ನೋಡುವ ಧೈರ್ಯವಾಗದೆ ಎಳೆಯನ್ನೇ ನೋಡುತ್ತ ಕೂತಳು.

"ನಮ್ಮ ಮಾಲಕರು ಬಿಡೂದಿಲ್ರಿ ಕಾಕಾ," ಎಂದು ಶಿವಗಂಗಾ ಅತ್ತೆಯ ಕಡೆ ಗದ್ದ ಎತ್ತಿ ತೋರಿಸಿದಳು.

ಮಲೀಕಸಾಬ ನಕ್ಕ. "ನಿಮ್ಮ ಮಾಲಕರು ಪಗಾರ ಏನು ಕೊಡ್ತಾರ?"

"ನಿಮಗಿಂತ ಹೆಚ್ಚಿಗಿ ರೀ. ಬೈಗಳಾ ಬ್ಯಾರೆ."

"ಹರಟಿ ಸಾಕು," ಎಂದು ಗುರುಲಿಂಗವ್ವ ಕೈ ಚಾಚಿದಳು. "ಎಳಿ ಕೊಡು."