ಅಕ್ಕನ ಅಂಡಾಣುವಿನದು ಎನಿಸಿಕೊಂಡ ಮಗು

2003ರಲ್ಲಿ ನಾನು ಜಯನಗರದ ಒಂದು ಬಂಜೆತನ ಚಿಕಿತ್ಸಾ ಕೇಂದ್ರದಲ್ಲಿ ವೈದ್ಯೆಯಾಗಿದ್ದೆ. ಬನಶಂಕರಿಯ ಶಾಲಾ ಶಿಕ್ಷಕಿ ಶೈಲಜಾ ಬಂದಾಗ ಆಕೆಗೆ ಮೂವತ್ನಾಲ್ಕು. ಮುಟ್ಟು ಆಗಲೇ ನಿಂತಿತ್ತು. ಗರ್ಭಕೋಶ ಚೆನ್ನಾಗಿತ್ತು, ಅಂಡಾಣುಗಳು ಮುಗಿದಿದ್ದವು. ಬೇರೆ ಹೆಣ್ಣಿನ ಅಂಡಾಣುವನ್ನು ಗಂಡನ ವೀರ್ಯಾಣುವಿನೊಂದಿಗೆ ಲ್ಯಾಬಿನಲ್ಲಿ ಸೇರಿಸಿ, ಆ ಭ್ರೂಣವನ್ನು ಇವಳ ಗರ್ಭದಲ್ಲಿಡುವುದೊಂದೇ ದಾರಿ.

ಅತ್ತೆಯದು ಒಂದೇ ಹಟ, ದಾನಿ ನಮ್ಮವರೇ ಆಗಬೇಕು. ಹೆಣ್ಣು ನೋಡಲು ಬಂದವರ ಹಾಗೆ ಬಣ್ಣ, ಗೋತ್ರ, ನಕ್ಷತ್ರ ಎಲ್ಲ ಮಾತಾಡಿದರು, ವಯಸ್ಸೊಂದನ್ನು ಬಿಟ್ಟು! ಕೊನೆಗೆ ಶೈಲಜಾಳ ಅಕ್ಕ ವಿಮಲಾಳನ್ನು ಕರೆತಂದರು. ಆಕೆಗೆ ಮೂವತ್ತೊಂಬತ್ತು. ಗರ್ಭ ನಿಲ್ಲುವುದು ಬಹುಮಟ್ಟಿಗೆ ಅಂಡಾಣು ಕೊಡುವವಳ ವಯಸ್ಸಿನ ಮೇಲೆ, ಹೊರುವವಳ ವಯಸ್ಸಿನ ಮೇಲಲ್ಲ ಎಂದು ಬಡಕೊಂಡೆ. ಯಾರು ಕೇಳಬೇಕು? ವಿಮಲಾ, ಪಾಪ, ದಿನಾ ಇಂಜೆಕ್ಷನ್ ಚುಚ್ಚಿಸಿಕೊಂಡಳು. ಸಿಕ್ಕ ಅಂಡಾಣುಗಳೇ ಕಡಿಮೆ, ಭ್ರೂಣ ನಿಲ್ಲಲಿಲ್ಲ. ಅತ್ತೆ ಅದನ್ನೂ ಸೊಸೆಯ ತಲೆಗೇ ಕಟ್ಟಿದರು.

ಕೆಲವು ತಿಂಗಳಾದ ಮೇಲೆ ಗಂಡ ಹೆಂಡತಿ ಇಬ್ಬರೇ ಬಂದರು. ಇನ್ನೊಂದೇ ಸಲ, ಆಮೇಲೆ ಸಾಕು ಎಂದು ಗಂಡ ಹೇಳಿಬಿಟ್ಟಿದ್ದ.

"ದಾನಿ ಯಾರಾದ್ರೂ ಆಗ್ಲಿ ಮೇಡಂ, ಮಗು ನಿಂತ್ರೆ ಸಾಕು" ಎಂದಳು ಶೈಲಜಾ.

ಇಪ್ಪತ್ತೈದು ವರ್ಷದ ದಾನಿಯನ್ನು ಆರಿಸಿದೆವು. ಒಂದು ಮಗುವಿನ ತಾಯಿ, ಆರೋಗ್ಯವಂತೆ, ಸ್ಕ್ಯಾನಿನಲ್ಲಿ ಅಂಡಾಶಯ ಚೆನ್ನಾಗಿ ಕಂಡಿತ್ತು. ಇಷ್ಟೆಲ್ಲ ಇದ್ದರೂ ಗ್ಯಾರಂಟಿ ಕೊಡಲಾಗದು. ಆದರೆ ಈ ಸಲ ಗರ್ಭ ನಿಂತಿತು. ನನಗಂತೂ ಖುಷಿಯೋ ಖುಷಿ.

ಅವರ ಮನೆಯಲ್ಲಿ ಮಾತ್ರ ಶೈಲಜಾಳ ಗಂಡ ಹೇಳಿದ್ದೇ ಬೇರೆ: ವಿಮಲಾಳ ಅಂಡಾಣುವಿನ ಭ್ರೂಣವೊಂದನ್ನು ಫ್ರೀಜ್ ಮಾಡಿಟ್ಟಿದ್ದರು, ಅದೇ ಇದು ಎಂದು. ವಿಮಲಾ ಕೂಡ ನಂಬಿದಳು. ಹೆಣ್ಣುಮಗು ಹುಟ್ಟಿ ನಾಮಕರಣವಾದ ಮಾರನೆಯ ದಿನ ಶೈಲಜಾ ಫೋನ್ ಮಾಡಿದಳು.

"ಮಗೂನ ಎತ್ಕೊಂಡು ಅಕ್ಕ ಅತ್ಲು ಮೇಡಂ, ನಮ್ಮಮ್ಮನ ಕಣ್ಣು ಕಣೇ ಅಂತ. ನಾನು ಹೂಂ ಅಂದೆ. ಇವರು ಆ ಮಾತೇ ಎತ್ತಬೇಡ ಅಂತಾರೆ. ನಿಮ್ಮ ಹತ್ರ ಬಿಟ್ಟು ಇನ್ಯಾರ ಹತ್ರ ಹೇಳ್ಲಿ?"

ಈ ಗುಟ್ಟು ನನ್ನ ಹತ್ತಿರವೇ ಇರುತ್ತದೆ ಎಂದೆ.

ನಾಲ್ಕೈದು ವರ್ಷದ ನಂತರ ಜಯನಗರ ಫೋರ್ತ್ ಬ್ಲಾಕಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಅಕ್ಕತಂಗಿಯರು ಎದುರಾದರು. ವಿಮಲಾ ಮಗುವನ್ನು ನನ್ನ ಮುಂದೆ ನಿಲ್ಲಿಸಿ, "ನೋಡಿ ಮೇಡಂ, ನನ್ನ ಥರಾನೇ ಅಲ್ವಾ?" ಎಂದಳು. ಅವಳ ಹಿಂದೆ ನಿಂತಿದ್ದ ಶೈಲಜಾ ನನ್ನನ್ನೇ ನೋಡುತ್ತಿದ್ದಳು.

"ಹೌದಮ್ಮ, ನಿಮ್ಮ ಥರಾನೇ" ಎಂದೆ.

ದಾನಿಯ ವಯಸ್ಸು, ಆರೋಗ್ಯ ನೋಡಿ ಆರಿಸಿದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಗರ್ಭ ನಿಂತರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಕೆಲಸ ಬಿಟ್ಟು ವರ್ಷಗಳೇ ಆದವು, ಆ ಗುಟ್ಟು ಕಾಯುವುದು ಇನ್ನೂ ಮುಗಿದಿಲ್ಲ.