ನನ್ನ ಪಕ್ಕದ ಎಲೆ

ಅಪ್ಪಯ್ಯ ಹೋದ ಹದಿಮೂರನೆಯ ದಿನ ಸಿರ್ಸಿಯ ನಮ್ಮ ಬಾಡಿಗೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಎಂಥ ಕೈಗುಣ, ಎಂಥ ದೈವಭಕ್ತ, ಎಷ್ಟು ಜನರ ಹೊಟ್ಟೆ ತುಂಬಿಸಿದ ಜೀವ! ಕಾನಸೂರಿನಿಂದ ಬಂದಿದ್ದ ಒಬ್ಬರು ತಮ್ಮ ಮೂವರು ಮಕ್ಕಳ ಮದುವೆಗೂ ಅವನೇ ಅಡುಗೆ ಮಾಡಿದ್ದೆಂದು ನೆನೆದು ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬರುತ್ತಿತ್ತು. ಅವನು ಉಣ್ಣುವುದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಯಾಕೆಂದರೆ ನಾನೂ ಸರಿಯಾಗಿ ಕಂಡವಳಲ್ಲ. ಅವನ ಒಬ್ಬಳೇ ಮಗಳಾಗಿ ಹುಟ್ಟಿ, ಮೂವತ್ತು ದಾಟಿದರೂ, ಅಪ್ಪನ ಪಕ್ಕದಲ್ಲಿ ಎಲೆ ಹಾಕಿಕೊಂಡು ಒಂದೇ ಒಂದು ಊಟ ಪೂರ್ತಿ ಮುಗಿಸಲು ನನ್ನಿಂದ ಆಗಲಿಲ್ಲ.

ಅವನದು ಮದುವೆ, ಮುಂಜಿಗಳಿಗೆ ಅಡುಗೆ ಮಾಡುವ ಕೆಲಸ. ತೊಂಬತ್ತರ ದಶಕದಲ್ಲಿ ಬೇಸಿಗೆ ಬಂತೆಂದರೆ ಅವನು ಮನೆಯಲ್ಲಿ ಇದ್ದದ್ದೇ ಕಡಿಮೆ. ಇವತ್ತು ಸಿದ್ದಾಪುರದ ಬಸ್ಸು, ನಾಳೆ ಯಲ್ಲಾಪುರದ ಬಸ್ಸು, ನಾಡಿದ್ದು ಕಿರವತ್ತಿ. ಕೈಚೀಲದಲ್ಲಿ ಒಂದು ಮಡಿಪಂಚೆ, ಪಂಚಪಾತ್ರೆ ಮತ್ತು ಬಟ್ಟೆಯಲ್ಲಿ ಸುತ್ತಿದ ಉದ್ದ ಹಿಡಿಕೆಯ ಸೌಟು. ಬೇರೆಯವರ ಸೌಟು ಅವನ ಕೈಗೆ ಒಗ್ಗುತ್ತಿರಲಿಲ್ಲ. ಹೋದ ಮನೆಯಲ್ಲಿ ಮೊದಲು ಬಾವಿಕಟ್ಟೆಯ ಬಳಿ ಸ್ನಾನ, ಆಮೇಲೆ ಸಂಧ್ಯಾವಂದನೆ, ಆಮೇಲೆ ಒಲೆಯ ಬೆಂಕಿಗೆ ನಾಲ್ಕು ಕಾಳು ಅಕ್ಕಿ ಹಾಕಿ ನಮಸ್ಕಾರ. ಅನ್ನಕ್ಕೆ ಕುದಿ ಬರುವವರೆಗೆ ಯಾರು ಮಾತಾಡಿಸಿದರೂ ಉತ್ತರವಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

ನೈವೇದ್ಯವಾಗುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಐನೂರು ಜನರ ಹುಳಿಯಾದರೂ ಸರಿ, ನಾಲಿಗೆಗೆ ಹನಿ ತಾಗಿಸಬಾರದು. ಉಪ್ಪನ್ನು ಅಪ್ಪಯ್ಯ ಬೊಗಸೆಯಲ್ಲಿ ಅಳೆದು ಹಾಕುತ್ತಿದ್ದ, ಕುದಿ ಬಂದ ಮೇಲೆ ಕೊಪ್ಪರಿಗೆಯ ಮೇಲೆ ಬಾಗಿ ವಾಸನೆ ನೋಡುತ್ತಿದ್ದ. ಹೆಚ್ಚು ಕಡಿಮೆ ಏನಿದ್ದರೂ ಅವನ ಮೂಗಿಗೆ ತಿಳಿಯುತ್ತಿತ್ತು. ಹಮ್ಮು ಅಂತ ಅವನಲ್ಲಿ ಏನಾದರೂ ಇದ್ದರೆ ಇದೊಂದೇ.

ಇನ್ನೊಂದು ನಿಯಮ ಅವನು ತಾನೇ ಮಾಡಿಕೊಂಡದ್ದು. ಪಂಕ್ತಿಯಲ್ಲಿ ಕೂತವರೆಲ್ಲ ದೇವರೇ, ಆದ್ದರಿಂದ ಕೊನೆಯವನು ಕೈ ತೊಳೆಯುವವರೆಗೆ ತಾನು ಉಣ್ಣಬಾರದು. ಮದುವೆಮನೆಯಲ್ಲಿ ಅದು ಒಪ್ಪುವ ಮಾತು. ಆದರೆ ಆ ನಿಯಮವನ್ನು ಅವನು ಮನೆಗೂ ತಂದ. ಕೆಲಸವಿಲ್ಲದ ಭಾನುವಾರ ಮಧ್ಯಾಹ್ನ ನಾನು ಅವನಿಗೂ ಎಲೆ ಹಾಕಿ ಕರೆದರೆ, "ನಿಂಗಳದ್ದು ಆಗ್ಲಿ. ಆನು ಕಡೆಗೆ ಉಣ್ತೆ" ಎನ್ನುತ್ತಿದ್ದ. ನಾನು ಮುಖ ಊದಿಸಿಕೊಂಡು ಕೂತರೆ ಆಯಿ, ಅಂದರೆ ನನ್ನಮ್ಮ, ಗದರುತ್ತಿದ್ದಳು. "ಅವಂಗೆ ಹೇಳಿ ಪ್ರಯೋಜನ ಇಲ್ಲೆ. ನೀ ಉಣ್ಣು ಸುಮ್ನೆ."

ಜಗಳವಾಡೋಣವೆಂದರೆ ಅದಕ್ಕೂ ಎಡೆ ಕೊಡದ ಮನುಷ್ಯ. ಆಯಿಗೆ ಉಬ್ಬಸ. ಬೆಳಗಾಗುವ ಮೊದಲೇ ಎದ್ದು ಅವಳಿಗೆ ಬಿಸಿನೀರು ಕಾಸುವವನು ಅವನು, ಬಟ್ಟೆ ಒಗೆಯುವವನು ಅವನು, ನನ್ನ ಶಾಲೆಯ ಡಬ್ಬಿ ಕಟ್ಟುವವನೂ ಅವನೇ. ಮದುವೆಮನೆಯಿಂದ ಬರುವಾಗ ಬಾಳೆಲೆಯಲ್ಲಿ ಕಟ್ಟಿದ ಹೋಳಿಗೆ ತಪ್ಪುತ್ತಿರಲಿಲ್ಲ. ಅದರಲ್ಲಿ ಅವನ ಪಾಲಿನದೂ ಇರುತ್ತಿತ್ತು ಎನ್ನುವುದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ತಿಳಿದ ಮೇಲೆ ಆ ಹೋಳಿಗೆಯ ನೆನಪೂ ರುಚಿಸದಂತಾಯಿತು. ನನಗೆ ಬೇಕಾಗಿದ್ದದ್ದು ಅವನ ಪಾಲಿನ ಹೋಳಿಗೆಯಲ್ಲ. ಅವನು ಪಕ್ಕದಲ್ಲಿ ಕೂತು, ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕು ಎಂದು ಕೇಳಬೇಕಿತ್ತು. ಅಷ್ಟೇ.

ಯಲ್ಲಾಪುರದ ಕಡೆಗೆ ನನ್ನ ಮದುವೆ ನಿಶ್ಚಯವಾದಾಗ ನಾನು ಒಂದೇ ಷರತ್ತು ಹಾಕಿದೆ, ಅವನು ನಮ್ಮೊಡನೆ ಕೂತು ಉಣ್ಣಬೇಕು. "ಅಪ್ಪಯ್ಯ, ಮದುವೆ ದಿನ ನೀ ಅಡುಗೆಮನೆಗೆ ಹೋಗಲಾಗ. ಬೀಗರದ್ದೆಲ್ಲ ಮುಗಿದ ಮೇಲೆ ನಾವು ಮೂರೂ ಜನ ಸಾಲಾಗಿ ಕೂತು ಉಣ್ಣವು."

"ಆತು ಕೂಸೇ, ಹೋಗ್ತ್ನಿಲ್ಲೆ" ಎಂದ. ತಾನೇ ಬಿಳಗಿಯ ಕಡೆಯ ಅಡುಗೆಯವರೊಬ್ಬರನ್ನು ಗೊತ್ತು ಮಾಡಿ ಬಂದ. ನಾನು ನಂಬಿದೆ. ನನಗಿಂತ ಪೆದ್ದಿ ಯಾರಿದ್ದಾರೆ?

ಮದುವೆಯ ಬೆಳಿಗ್ಗೆ ಅವನು ಹೊಸ ಪಂಚೆ ಉಟ್ಟು, ಶಲ್ಯ ಹೊದ್ದು ಓಡಾಡುತ್ತಿದ್ದ. ಕನ್ಯಾದಾನಕ್ಕೆ ಇನ್ನೂ ಹೊತ್ತಿತ್ತು. ಕೈಗೆ ಕೆಲಸವಿಲ್ಲದೆ ಚಡಪಡಿಸಿ, ಸುಮ್ಮನೆ ಒಲೆ ನೋಡಿ ಬರುತ್ತೇನೆಂದು ಒಳಗೆ ಹೋದನಂತೆ. ಬಿಳಗಿಯವರು ಹಿತ್ತಲಲ್ಲಿ ಕಾಯಿ ಸುಲಿಸುತ್ತಿದ್ದರು. ಹುಳಿಯ ಕೊಪ್ಪರಿಗೆ ಇನ್ನೇನು ಕುದಿಯುವುದರಲ್ಲಿತ್ತು. ಮೂವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಬೊಗಸೆ ತುಂಬಿ ಉಪ್ಪು ಹಾಕಿದ. ಕುದಿ ಬರಲಿ, ವಾಸನೆ ನೋಡೋಣವೆಂದು ನಿಂತಿದ್ದಾಗಲೇ ಪುರೋಹಿತರು ಮಂಟಪದಿಂದ ಕರೆದರು. ಯಾರಿಗೂ ಹೇಳದೆ ಹೊರಟುಬಂದ. ಬಿಳಗಿಯವರು ಒಳಗೆ ಬಂದು ತಮ್ಮ ಲೆಕ್ಕದ ಉಪ್ಪು ತಾವು ಹಾಕಿದರು. ನೈವೇದ್ಯವಾಗದೆ ರುಚಿ ನೋಡುವಂತಿಲ್ಲವಲ್ಲ, ಯಾರೂ ನೋಡಲಿಲ್ಲ. ಇಬ್ಬರೂ ಶ್ರದ್ಧೆಯುಳ್ಳವರು. ಒಬ್ಬರಾದರೂ ಸ್ವಲ್ಪ ಭ್ರಷ್ಟರಾಗಿದ್ದರೆ ನನ್ನ ಮದುವೆಯ ಊಟ ಉಳಿಯುತ್ತಿತ್ತು.

ಮೊದಲ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರು ಕೂತಿದ್ದರು. ಹುಳಿ ಬಡಿಸಿದ್ದೇ ತಡ, ನನ್ನ ಮಾವನವರ ಅಣ್ಣ ಕೈ ತಡೆದರು. "ಇದೆಂತ ಹುಳಿ ಇದು? ಬಾಯಿಗೆ ಇಡಲೆ ಆಗ್ತಿಲ್ಲೆ." ಬಡಿಸುವವರು ಬಿಳಗಿಯವರನ್ನು ಕರೆತಂದು ನಿಲ್ಲಿಸಿದರು. ಅವರು ಬೆವರುತ್ತ, ತಮ್ಮ ಅಳತೆ ತಪ್ಪಿಲ್ಲವೆಂದು ತೊದಲುತ್ತಿದ್ದರು. ಅಪ್ಪಯ್ಯ ಪಂಕ್ತಿಯ ನಡುವೆ ಬಂದು ಕೈ ಮುಗಿದ. "ಅವಂದು ಎಂತ ತಪ್ಪೂ ಇಲ್ಲೆ. ಉಪ್ಪು ಹಾಕಿದ್ದು ಆನು."

ಮದುಮಗಳ ಅಪ್ಪ, ಧಾರೆಯೆರೆದ ಕೈ ಇನ್ನೂ ಒದ್ದೆಯಿದ್ದವನು, ನೂರು ಜನರೆದುರು ಹಾಗೆ ನಿಂತದ್ದನ್ನು ನಾನು ಮಂಟಪದಿಂದಲೇ ನೋಡಿದೆ. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು, ಎರಡಕ್ಕಿಂತ ಹೆಚ್ಚಾಗಿ ಕೋಪ ಬಂತು. ಅವನು ಶಲ್ಯ ತೆಗೆದು ಆಯಿಯ ಕೈಗೆ ಕೊಟ್ಟು ಒಲೆಯ ಮುಂದೆ ಹೋದವನು ಮತ್ತೆ ಈಚೆ ಬರಲಿಲ್ಲ. ಹೊಸ ಹುಳಿಯಾಯಿತು, ಎಲ್ಲರೂ ಹೊಗಳಿ ಉಂಡರು. ನಾನು ಊಟಕ್ಕೆ ಕೂತಾಗ ನನ್ನ ಪಕ್ಕ ಒಂದು ಎಲೆ ಹಾಕಿಸಿ, ಅದರ ಮೇಲೆ ಲೋಟ ಇಟ್ಟು, ಯಾರೂ ಕೂರದಂತೆ ಕಾದೆ. ಹೇಳಿಕಳಿಸಿದೆ. "ಎಲ್ಲರದ್ದೂ ಆಗ್ಲಿ" ಎಂಬ ಉತ್ತರ ಬಂತು. ಎಲೆ ಬಾಡಿತು.

ಹೊರಡುವ ಹೊತ್ತಿಗೆ ಅವನು ವ್ಯಾನಿನ ಬಳಿ ಓಡಿಬಂದ. ಮೈಯೆಲ್ಲ ಹೊಗೆಯ ವಾಸನೆ. "ಹೊಟ್ಟೆ ತುಂಬ ಉಂಡ್ಯಾ ಕೂಸೇ?" ಎಂದು ಕೇಳಿದ. ನಾನು ಮುಖ ತಿರುಗಿಸಿಕೊಂಡೆ. ತವರಿನಿಂದ ಹಾಗೆ ಹೊರಟವಳು ನಾನು.

ಆಮೇಲಿನ ವರ್ಷಗಳಲ್ಲಿ ಅವನು ಯಲ್ಲಾಪುರಕ್ಕೆ ಬಂದಾಗಲೂ ಇದೇ ಕತೆ. ಚಪ್ಪಲಿ ಬಿಟ್ಟವನೇ ಕೈಕಾಲು ತೊಳೆದು, ನನ್ನನ್ನು ಒಲೆಯ ಬಳಿಯಿಂದ ಸರಿಸಿ, ಮೊಮ್ಮಗಳಿಗೆಂದು ಕಡುಬು ಬೇಯಿಸುತ್ತಿದ್ದ. ನನ್ನ ಅತ್ತೆಯವರು ಇಂಥ ಅಪ್ಪ ಸಿಗಲು ಪುಣ್ಯ ಬೇಕೆನ್ನುತ್ತಿದ್ದರು. ಪುಣ್ಯವಂತೆ! ನಮ್ಮೆಲ್ಲರ ಊಟ ಮುಗಿದು ಪಾತ್ರೆ ತೊಳೆಯುವಾಗ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬೇಗ ಬೇಗ ಉಣ್ಣುತ್ತಿದ್ದ ಅವನ ಬೆನ್ನನ್ನು ಮಾತ್ರ ನಾನು ಕಂಡದ್ದು.

ಎರಡು ಸಾವಿರದ ಇಸವಿಯ ನಂತರ ಆಯಿ ತೀರಿಕೊಂಡಳು. ಕೆಲವೇ ವರ್ಷಗಳಲ್ಲಿ ಅಪ್ಪಯ್ಯನ ಮೂತ್ರಪಿಂಡ ಸೋತಿತು. ಹುಬ್ಬಳ್ಳಿಯ ಡಾಕ್ಟರು ಉಪ್ಪು ಪೂರ್ತಿ ಬಿಡಬೇಕೆಂದರು. ಮಗಳನ್ನು ಅತ್ತೆಯವರ ಬಳಿ ಬಿಟ್ಟು ನಾನು ಸಿರ್ಸಿಗೆ ಬಂದು ಅವನ ಜೊತೆ ಉಳಿದೆ. ಕಾಲು ಊದಿತ್ತು, ಗೋಡೆ ಹಿಡಿಯದೆ ನಡೆಯಲಾಗುತ್ತಿರಲಿಲ್ಲ. ಸಂಧ್ಯಾವಂದನೆಯನ್ನು ಮಾತ್ರ ಕೂತಲ್ಲೇ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಹಟ ಹಿಡಿದೆ. ಸಪ್ಪೆ ಹುಳಿ, ಸಪ್ಪೆ ಪಲ್ಯ ಮಾಡಿ, ನೈವೇದ್ಯ ಮಾಡಿಸಿ, ಎರಡು ಎಲೆ ಹಾಕಿದೆ. "ಕೂತ್ಕ ಅಪ್ಪಯ್ಯ. ಇಲ್ಲಿ ಬೇರೆ ಯಾರೂ ಇಲ್ಲೆ. ನೀ ಉಣ್ಣದ್ದೆ ಆನು ಉಣ್ತ್ನಿಲ್ಲೆ."

"ನಿಂದು ಆಗ್ಲಿ" ಎಂದ. ನಾನು ಕೈಕಟ್ಟಿ ಕೂತೆ. ಅನ್ನದ ಹಬೆ ಆರಿತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಕೊನೆಗೆ ನಿಟ್ಟುಸಿರು ಬಿಟ್ಟು ಎಲೆಯ ಮುಂದೆ ಕೂತ. ಎಲೆಯ ಸುತ್ತ ನೀರು ಸುತ್ತಿ, ಕಣ್ಣು ಮುಚ್ಚಿ, ಮೊದಲ ತುತ್ತು ಬಾಯಿಗಿಟ್ಟ. ನಾನೂ ಇಟ್ಟೆ. ಗೆದ್ದೆ ಅಂದುಕೊಂಡೆ.

ಅವನು ನನ್ನ ಎಲೆಯ ಕಡೆ ಬಾಗಿ ವಾಸನೆ ನೋಡಿದ. "ನಿಂಗೂ ಸಪ್ಪೆಯೇ ಬಡಿಸ್ಕಂಡಿದ್ಯ?"

"ಇರ್ಲಿ, ನೀ ಉಣ್ಣು."

"ನಿಂಗೆ ಎಂತ ಕಾಯಿಲೆ ಆಯ್ದು? ನೀ ಎಂತಕ್ಕೆ ಸಪ್ಪೆ ಉಣ್ಣವು?" ಎನ್ನುತ್ತಲೇ ಎಡಗೈ ಗೋಡೆಗೆ ಊರಿ ಎದ್ದುಬಿಟ್ಟ. ತಡೆಯಲು ನಾನು ಕೂಗಿದೆ, "ಏಳಡ, ಏಳಡ!" ಎಲೆಯಿಂದ ಒಮ್ಮೆ ಎದ್ದವನು ಮತ್ತೆ ಆ ಎಲೆಗೆ ಕೂರುವಂತಿಲ್ಲ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಎದ್ದ. ಊದಿದ ಕಾಲೆಳೆಯುತ್ತ ಹೋಗಿ ಕೈ ತೊಳೆದು, ಉಪ್ಪು ತುಂಬಿದ ಮರದ ಮರಿಗೆ ತಂದ. ನನ್ನ ಎಲೆಯ ತುದಿಗೆ ಚಿಟಿಕೆ ಉಪ್ಪು ಬಡಿಸಿ, ಬಡಿಸುವವರು ನಿಲ್ಲುವ ಹಾಗೆ ಎದುರಿಗೆ ನಿಂತ. ಅವನ ಎಲೆಯಲ್ಲಿ ಒಂದು ತುತ್ತಿನಷ್ಟು ಮಾತ್ರ ಕಡಿಮೆಯಾಗಿತ್ತು.

ಸಿಟ್ಟಿಗೆ ಎಲೆ ಎತ್ತಿ ಎಸೆಯಬೇಕೆನಿಸಿತು. ಆದರೆ ನಾನು ಎದ್ದರೆ ಅವನು ಇನ್ನೊಂದು ಹೊತ್ತೂ ಉಪವಾಸವಿರುತ್ತಾನೆಂದು ಗೊತ್ತಿದ್ದರಿಂದ ಉಪ್ಪು ಕಲಸಿಕೊಂಡು ಅಳುತ್ತಲೇ ಉಂಡೆ. ಅವನು ಬಾಗಿ ಕೇಳಿದ, "ಈಗ ಸಮಾ ಆತಾ?"