ತಂತಿಯ ಕೆಳಗಿನ ಎಳೆ

ಹಡಪಸರದಲ್ಲಿ ಗಿಟಾರ್ ರಿಪೇರಿ ಮಾಡುವ ಸಿದ್ದಲಿಂಗಪ್ಪ ಕೆಲಸ ಕಲಿತದ್ದು ಮಿರಜಿನ ತಂಬೂರಿ ತಯಾರಕರ ಬಳಿ. ಒಮ್ಮೆ ಹೆಸರಾಂತ ಗಿಟಾರ್ ವಾದಕರೊಬ್ಬರು ಹೊಸ ತಂತಿ ಹಾಕಿಸಲು ಬಂದಾಗ, ಕೈರೂಢಿಯಿಂದ ತಂಬೂರಿಗೆ ಹಾಕುವಂತೆ ತಂತಿಗಳ ಕೆಳಗೆ ಹತ್ತಿಯ ಎಳೆ ಸೇರಿಸಿಬಿಟ್ಟ. ಗಿಟಾರಿಗೆ ಅದು ಶುದ್ಧ ತಪ್ಪು. ಅವರು ಮೀಟಿದರೆ ತಂಬೂರಿಯ ಝೇಂಕಾರ ಎದ್ದಿತು. ಎಳೆ ತೆಗೆಯಲು ಹೋದವನ ಕೈ ಹಿಡಿದು, "ಇರಲಿ" ಎಂದರು. ಆ ನಾದದಲ್ಲೇ ಒಂದು ಸಿನಿಮಾ ಹಾಡಿಗೆ ನುಡಿಸಿದರು; ಹಾಡು ಮನೆಮಾತಾಯಿತು. ಈಗ ಕಾಲೇಜು ಬ್ಯಾಂಡಿನಿಂದ ಮದುವೆಯ ಆರ್ಕೆಸ್ಟ್ರಾವರೆಗೆ ಗಿಟಾರ್ ಹಿಡಿದವರಿಗೆಲ್ಲ ಅದೇ ನಾದ ಬೇಕು.

ನಿನ್ನೆ ರೇಣು ಎಂಬ ಹುಡುಗಿ ಹೊಸ ಗಿಟಾರ್ ತಂದು, "ಕಾಕಾ, ಆ ಸಿನಿಮಾ ಹಾಡಿನ್ಯಾಗ ನುಡಿಸ್ಯಾರಲ್ಲ, ಅವರ ಗಿಟಾರ್ ಹಂಗ ನುಡಿಬೇಕ್ರಿ" ಎಂದಳು.

"ಅವರ ಬೆರಳು ಎಲ್ಲಿಂದ ತರಲಿ, ಯವ್ವಾ?" ಎಂದ ಸಿದ್ದಲಿಂಗಪ್ಪ, ಎಳೆ ಹೊಸೆಯುತ್ತ. "ದಾರ ಮಾತ್ರ ಅವರಿಗೆ ಹಾಕಿದ ಈ ಕೈನ ಹಾಕ್ತದ ನೋಡು."